ಒಂದೂವರೆ ಸುತ್ತು

ಗೊತ್ತಪ್ಪನವರಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಯಾರಾದರೂ ಏನಾದರೂ ಹೇಳಲು ಬಾಯಿ ತೆರೆದರೆ, ಮಾತು ಅರ್ಧ ದಾರಿಗೆ ಬರುವ ಮೊದಲೇ "ಗೊತ್ತಪ್ಪಾ, ಗೊತ್ತು" ಎಂದು ಅದನ್ನು ವಾಪಸು ಕಳಿಸುವುದು ಅವರ ಅಭ್ಯಾಸ. ಬೀದಿಯವರು ಅದನ್ನೇ ಹೆಸರು ಮಾಡಿದರು. ಒಂದು ದಿನ ಪಕ್ಕದ ಮನೆಯ ಟೈಲರ್ ಮನಸ್ಸು ತಡೆಯದೆ, "ಸಾರ್, ನಿಮಗೆ ಜನ ಒಂದು ಅಡ್ಡಹೆಸರು ಇಟ್ಟಿದಾರೆ, ಅದು ಏನಪ್ಪಾ ಅಂದ್ರೆ..." ಎಂದು ಶುರು ಮಾಡಿದ. "ಗೊತ್ತಪ್ಪಾ" ಎಂದರು ಇವರು. ಅಲ್ಲಿಗೆ ಹೆಸರು ಖಾಯಂ ಆಯಿತು.

ಅವರು ಅಳತೆ ಮತ್ತು ತೂಕದ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಅಂಗಡಿಯವರ ತಕ್ಕಡಿ, ಲೀಟರು, ಮೀಟರುಗಳಿಗೆಲ್ಲ ಸರಕಾರಿ ಮುದ್ರೆ ಬೀಳುವುದು ಅವರ ಮೇಜಿನಿಂದ. ಅಳತೆಯ ವಿಷಯದಲ್ಲಿ ಅವರು ಗೊತ್ತು ಎಂದರೆ ನಿಜವಾಗಿ ಗೊತ್ತು ಎಂದೇ ಅರ್ಥ. ಉಳಿದ ವಿಷಯಗಳಲ್ಲಿ ಗೊತ್ತು ಎಂದರೆ, ದಯವಿಟ್ಟು ಸುಮ್ಮನಿರಿ ಎಂದು ಅರ್ಥ.

ಈ ವ್ಯತ್ಯಾಸ ಅವರ ಹೆಂಡತಿಗೆ ಮದುವೆಯಾದ ಎರಡನೇ ದಿನವೇ ತಿಳಿದಿತ್ತು.

ಕಥೆ ಶುರುವಾದದ್ದು ಒಂದು ಭಾನುವಾರ, ಮಾವನ ಮನೆಯ ಶೆಡ್ಡಿನಲ್ಲಿ. ಮಾವ ವಿದ್ಯುತ್ ಇಲಾಖೆಯಲ್ಲಿದ್ದವರು. ಬೆಟ್ಟಗುಡ್ಡಗಳ ಮೇಲೆ ಕಂಬ ನೆಡಿಸುತ್ತ, ತಂತಿ ಎಳೆಸುತ್ತ ಮೂವತ್ತು ವರ್ಷ ಒಂದು ಜೀಪಿನಲ್ಲಿ ತಿರುಗಿದವರು. ನಿವೃತ್ತಿಯ ದಿನ ಇಲಾಖೆ ಆ ಜೀಪನ್ನು ಹರಾಜಿಗೆ ಹಾಕಿದಾಗ ತಾವೇ ಕೊಂಡು ಮನೆಗೆ ತಂದಿದ್ದರು. ಈಗ ಅವರ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಜೀಪಿಗೂ ವಯಸ್ಸಾಗಿತ್ತು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುವುದು, ಏರು ಬಂತೆಂದರೆ ಕೆಮ್ಮುವುದು, ಕಪ್ಪು ಹೊಗೆ ಉಗುಳುವುದು, ನಿಲ್ಲುವುದು.

"ಬೆಟ್ಟ ಹತ್ತದ ಜೀಪು ಜೀಪಲ್ಲ, ಬೆಂಚು" ಎಂದು ಮಾವ ತೀರ್ಮಾನಿಸಿ ಗುಜರಿಯವನನ್ನು ಕರೆಸಿದ್ದರು. ಗುಜರಿಯವನು ಬಹಳ ಮರ್ಯಾದಸ್ಥ. ಸತ್ತವರ ಮನೆಗೆ ಬಂದವನಂತೆ ತಲೆಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು, ಟೇಪಿನಿಂದ ಜೀಪಿನ ಉದ್ದಗಲ ಅಳೆಯುತ್ತಿದ್ದ.

ಗೊತ್ತಪ್ಪನವರ ಕಣ್ಣು ಮೊದಲು ಟೇಪಿನ ಮೇಲೆ ಹೋಯಿತು. ಮುದ್ರೆ ಇರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದವರು ಹೆಂಡತಿಯನ್ನು ನೋಡಿ ನಿಲ್ಲಿಸಿದರು. ಆಕೆ ಜೀಪಿನ ಮುಂದಿನ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಆಕೆ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಚಿಕ್ಕವಳಾಗಿದ್ದಾಗ ಅಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿದರೆ ಟಾರ್ಚು ಹಿಡಿಯುತ್ತಿದ್ದವಳೂ ಅವಳೇ. ಕಣ್ಣು ತುಂಬಿತ್ತು, ಆದರೆ ಸೀನುವ ನೆಪದಲ್ಲಿ ಒರೆಸಿಕೊಂಡಳು. ಹೆಂಡತಿಯ ಮೇಲೆ ಗೊತ್ತಪ್ಪನವರಿಗೆ ಪ್ರೀತಿ ಬಹಳ. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ, ಅಷ್ಟೇ.

"ಮಾವ, ಮಾರಬೇಡಿ. ನಾನು ಸರಿ ಮಾಡ್ತೀನಿ" ಎಂದುಬಿಟ್ಟರು.

ಗುಜರಿಯವನ ಟೇಪು ತಾನಾಗಿ ಸರ್ರನೆ ಒಳಗೆ ಹೋಯಿತು.

"ಅಳಿಯಂದ್ರೇ, ಇದು ಕಾರ್ಬುರೇಟರ್ ಟ್ಯೂನಿಂಗು" ಎಂದರು ಮಾವ. "ಗಾಳಿ, ಪೆಟ್ರೋಲು ಎರಡನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಊಟ ಹಾಕೋ ಡಬ್ಬಿ ಅದು. ಏರು ಜಾಗಕ್ಕೆ ಅದರ ಹದಾನೇ ಬೇರೆ..."

"ಗೊತ್ತು ಮಾವ, ಗೊತ್ತು."

"ರೀ, ಅದರಲ್ಲಿ ಒಂದು ಸ್ಕ್ರೂ..." ಎಂದಳು ಹೆಂಡತಿ.

"ಗೊತ್ತು ಕಣೇ."

ಮಾವ ಒಂದು ವಾರ ಗಡುವು ಕೊಟ್ಟರು. ಮುಂದಿನ ಭಾನುವಾರ ಜೀಪು ಊರ ನಡುವಿನ ಬೆಟ್ಟ ಹತ್ತಿ ನೀರಿನ ಟ್ಯಾಂಕಿನವರೆಗೆ ಹೋಗಬೇಕು. ಹೋದರೆ ಉಳಿಯಿತು. ಇಲ್ಲದಿದ್ದರೆ ಅಲ್ಲಿಂದಲೇ ಗುಜರಿಗೆ. ಗುಜರಿಯವನು ತಲೆಯಾಡಿಸಿ, "ನಾನೂ ಬರ್ತೀನಿ ಸ್ವಾಮಿ, ಹಗ್ಗ ತಗೊಂಡು" ಎಂದ.

ಜೀಪು ಓಡಿಸಿಕೊಂಡು ತಮ್ಮ ಮನೆಗೆ ಬಂದ ಗೊತ್ತಪ್ಪನವರು ಗ್ಯಾರೇಜಿನ ಮೇಸ್ತ್ರಿಗೆ ಫೋನು ಮಾಡಿದರು. ಮೇಸ್ತ್ರಿ ಮಗಳ ಬಾಣಂತನಕ್ಕೆಂದು ಪರವೂರಿಗೆ ಬಸ್ಸಿನಲ್ಲಿ ಹೊರಟಿದ್ದ. ಬಸ್ಸಿನ ಸದ್ದು, ಕೋಳಿಯ ಸದ್ದು, ಎಲ್ಲದರ ಮೇಲೆ ಮೇಸ್ತ್ರಿಯ ಗಂಟಲು.

"ಸುಲಭ ಸ್ವಾಮಿ! ಮೊದ್ಲು ಪೂರ್ತಿ ಮುಚ್ಚಿ. ಮೆತ್ತಗೆ. ಆಮೇಲೆ ಒಂದೂವರೆ ಸುತ್ತು. ಜಾಸ್ತಿನೂ ಬೇಡ, ಕಮ್ಮೀನೂ ಬೇಡ. ಯಾವುದನ್ನ ಅಂದ್ರೆ, ಆ ಪಕ್ಕದಲ್ಲಿರೋ..."

"ಗೊತ್ತಪ್ಪಾ, ಗೊತ್ತು. ಮುಂದೆ ಹೇಳು."

"ಏರಿನಲ್ಲಿ ಉಸಿರು ಕಟ್ಟೋದು ನಾಲಿಗೆಯಿಂದ ಸ್ವಾಮಿ. ನಾಲಿಗೆ ಸ್ವಲ್ಪ ಬಗ್ಗಿಸ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ."

ಗೊತ್ತಪ್ಪನವರ ಮುಖ ಕೆಂಪಾಯಿತು. "ಯಾರಿಗಯ್ಯಾ ನಾಲಿಗೆ ಬಗ್ಗಿಸು ಅಂತೀಯಾ? ನನಗೇ ಬುದ್ಧಿ ಹೇಳ್ತೀಯಾ?" ಎಂದು ಫೋನು ಕುಕ್ಕಿದರು. ಆಮೇಲೆ ಮೇಸ್ತ್ರಿ ನಾಲ್ಕು ಸಲ ಮಾಡಿದ. ಇವರು ಎತ್ತಲಿಲ್ಲ. ಐದನೆಯ ಹೊತ್ತಿಗೆ ಬಸ್ಸು ಸಿಗ್ನಲ್ ಇಲ್ಲದ ಕಡೆ ಹೋಗಿರಬೇಕು.

ಆದರೂ ಗೊತ್ತಪ್ಪನವರು ನ್ಯಾಯವಂತರು. ಹೇಳಿದವನು ಒರಟನಾದರೂ ಹೇಳಿದ ಅಳತೆ ಅಳತೆಯೇ. ಪೂರ್ತಿ ಮುಚ್ಚಬೇಕು, ಒಂದೂವರೆ ಸುತ್ತು ಹಾಕಬೇಕು. ಸುತ್ತುವುದು ಏನನ್ನು ಎಂದು ಅವರು ಕೇಳಲಿಲ್ಲ, ಕೇಳುವ ಅಗತ್ಯವೂ ಕಾಣಲಿಲ್ಲ. ಬೆಟ್ಟ ಹತ್ತಬೇಕಾದ ಗಾಡಿ ಬೆಟ್ಟವನ್ನಲ್ಲದೆ ಇನ್ನೇನನ್ನು ಸುತ್ತೀತು? ಬೆಟ್ಟದ ಬುಡಕ್ಕೆ ಸುತ್ತಲೂ ರಸ್ತೆ ಇದ್ದೇ ಇತ್ತು.

ಅಂದೇ ಮಧ್ಯಾಹ್ನದ ಬಿಸಿಲಿನಲ್ಲಿ ಜೀಪಿನ ಕ್ಯಾನ್ವಾಸು ಪರದೆಗಳನ್ನೆಲ್ಲ ಇಳಿಬಿಟ್ಟು, ಪಟ್ಟಿ ಬಿಗಿದು, ಪೂರ್ತಿ ಮುಚ್ಚಿ, ಬೆವರಿನಲ್ಲಿ ಮೀಯುತ್ತ ಅವರು ತಮ್ಮ ಮನೆ ಗೇಟಿನಿಂದ ಹೊರಟರು. "ರೀ, ಒಂದೂವರೆ ಸುತ್ತು ಅಂದ್ರೆ ಸ್ಕ್ರೂನ..." ಎಂದು ಹೆಂಡತಿ ಪರದೆಯ ಹೊರಗಿನಿಂದ ಕೂಗಿದಳು. "ಗೊತ್ತು ಗೊತ್ತು" ಎಂಬ ಸದ್ದು ಕ್ಯಾನ್ವಾಸಿನೊಳಗಿಂದ ಬಂತು.

ಒಂದು ಸುತ್ತು ಮುಗಿಯಿತು. ಅರ್ಧ ಸುತ್ತೂ ಮುಗಿಯಿತು. ಮೀಟರು ನೋಡಿ, ಇಳಿದು ಹೆಜ್ಜೆ ಹಾಕಿ ಅಳೆದು, ಕರಾರುವಾಕ್ಕಾಗಿ ಒಂದೂವರೆಗೆ ನಿಲ್ಲಿಸಿದರು. ಅಲ್ಲೊಂದು ತೊಡಕು ಎದುರಾಯಿತು. ಒಂದೂವರೆ ಸುತ್ತು ಹಾಕಿದವನು ಹೊರಟ ಜಾಗಕ್ಕೆ ಬರುವುದಿಲ್ಲ, ಅದರ ನೇರ ಎದುರಿಗೆ ನಿಲ್ಲುತ್ತಾನೆ. ಅವರ ಮನೆ ಬೆಟ್ಟದ ಈ ಬದಿ, ಜೀಪು ನಿಂತದ್ದು ಆ ಬದಿ, ಪುರಸಭೆಯ ಬಾಗಿಲ ಮುಂದೆ. ಓಡಿಸಿಕೊಂಡು ಮನೆಗೆ ಬಂದರೆ ಸುತ್ತು ಎರಡಾಗುತ್ತದೆ. ಬಂದ ದಾರಿಯಲ್ಲೇ ಹಿಂದೆ ತಿರುಗಿಸಿದರೆ ಒಂದೇ ಆಗುತ್ತದೆ. ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ ಎಂದಿದ್ದಾನೆ ಮೇಸ್ತ್ರಿ. ಗೊತ್ತಪ್ಪನವರು ಜೀಪನ್ನು ಅಲ್ಲೇ ಬಿಟ್ಟು, ಬೆಟ್ಟ ಬಳಸಿ ನಡೆದು ಮನೆಗೆ ಬಂದರು.

ಮಾರನೆಯ ಬೆಳಿಗ್ಗೆ ಟ್ರಾಫಿಕ್ ಪೇದೆ ಬಂದ. ಅವನ ಮೋಟರ್‌ಬೈಕು ಬೀದಿಯ ತುದಿಯಿಂದಲೇ ಕೆಮ್ಮುತ್ತ ಬಂತು.

"ಸಾರ್, ಪುರಸಭೆ ಮುಂದೆ ನಿಂತಿರೋ ಜೀಪು ನಿಮ್ಮದಾ? ಎಲ್ಲಾ ಕಡೆ ಮುಚ್ಚಿದೀರ. ಒಳಗೇನಿದೆ?"

"ಒಳಗೇನಿಲ್ಲ. ಒಂದೂವರೆ ಸುತ್ತು ಆಗಿದೆ. ಮುಟ್ಟಬೇಡಿ" ಎಂದರು ಗೊತ್ತಪ್ಪನವರು.

ಪೇದೆ ನೋಟ್‌ಬುಕ್ಕು ತೆರೆದು, ಏನು ಬರೆಯುವುದೆಂದು ತೋಚದೆ ಮುಚ್ಚಿದ. ಆಗ ಗೊತ್ತಪ್ಪನವರು ವಿವರಿಸಿದರು: "ನೋಡಪ್ಪಾ, ಕಾರ್ಬುರೇಟರು ಅಂದ್ರೆ ಸೂಕ್ಷ್ಮ. ಬೆಟ್ಟ ಹತ್ತೋ ಮೊದಲು ಅದಕ್ಕೆ ಬೆಟ್ಟದ ಗಾಳಿ ಪರಿಚಯ ಆಗಬೇಕು. ಒಂದು ಸುತ್ತಿಗೆ ಪರಿಚಯ. ಇನ್ನರ್ಧಕ್ಕೆ ಸಲಿಗೆ. ಆಮೇಲೆ ಅಲ್ಲೇ ಆರೋಕೆ ಬಿಡಬೇಕು." ಇದಿಷ್ಟನ್ನೂ ಅವರು ಹೇಳುತ್ತ ಹೇಳುತ್ತಲೇ ಕಂಡುಹಿಡಿದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಂಬಿಕೆ ಬಂದಿತ್ತು.

ಪೇದೆ ತನ್ನ ಬೈಕನ್ನು ನೋಡಿದ. ಅದೇ ಮಧ್ಯಾಹ್ನ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೂವರೆ ಸುತ್ತು ಹಾಕಿದ. ಪೈಪಿನಲ್ಲಿ ಕೂತಿದ್ದ ಕಸವೊಂದು ಅಷ್ಟು ದೂರದ ಓಟಕ್ಕೆ ಕಳಚಿಹೋಯಿತೋ ಏನೋ, ಬೈಕಿನ ಕೆಮ್ಮು ನಿಂತಿತು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು. ಆದರೆ ಪೇದೆ ಇಡೀ ದಿನ ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವವನು. ಕೆಮ್ಮುವ ಗಾಡಿ ಯಾವುದು ಕಂಡರೂ ಸೀಟಿ ಊದಿ ನಿಲ್ಲಿಸಿ ಗೊತ್ತಪ್ಪನವರ ಚಿಕಿತ್ಸೆ ಹೇಳಿದ. ದಂಡ ಹಾಕುತ್ತಾನೆಂದು ಹೆದರಿದವರೆಲ್ಲ ಒಪ್ಪಿದರು.

ಬುಧವಾರದ ಹೊತ್ತಿಗೆ ಬೆಟ್ಟದ ಸುತ್ತ ಗಾಡಿಗಳ ಸಾಲು. ಟೈಲರ್ ತನ್ನ ಸ್ಕೂಟರಿಗೆ ಮುಚ್ಚಲು ಕಿಟಕಿಯೇ ಇಲ್ಲವಲ್ಲ ಎಂದು ಚಿಂತಿಸಿ, ಕೊನೆಗೆ ತನ್ನನ್ನೇ ಪೂರ್ತಿ ಮುಚ್ಚಿಕೊಂಡ. ಮಳೆ ಕೋಟು, ಕೈಗವಸು, ಹೆಲ್ಮೆಟ್ಟು, ಅದರ ಮೇಲೊಂದು ಶಾಲು. ಒಂದೂ ಕಾಲು ಸುತ್ತಿಗೆ ತಲೆ ಸುತ್ತಿ ಬಿದ್ದ. ಎದುರುಮನೆ ಟೀಚರು ಕೆಟ್ಟುಹೋದ ಮಿಕ್ಸಿಯನ್ನು ಟವೆಲಿನಲ್ಲಿ ಸುತ್ತಿ ಆಟೋದಲ್ಲಿ ಒಂದೂವರೆ ಸುತ್ತು ಕಳಿಸಿದರು. ಮಿಕ್ಸಿ ಸರಿಹೋಗಲಿಲ್ಲ, ಆಟೋ ಸರಿಹೋಯಿತಂತೆ.

ಈ ಬದಿಯಿಂದ ಹೊರಟವರೆಲ್ಲ ಆ ಬದಿಯಲ್ಲೇ ನಿಲ್ಲಬೇಕಷ್ಟೆ. ಗುರುವಾರ ಪುರಸಭೆಯ ಸಾಹೇಬರು ಕಚೇರಿಗೆ ಬಂದಾಗ ಬಾಗಿಲೇ ಕಾಣಲಿಲ್ಲ. ಮುಚ್ಚಿದ ಕಾರು, ಮುಚ್ಚಿದ ವ್ಯಾನು, ಟಾರ್ಪಾಲು ಹೊದ್ದ ಟ್ರ್ಯಾಕ್ಟರು. ಸಾಹೇಬರು ಕಿಟಕಿಯಿಂದ ಒಳಗೆ ಹೋಗಿ, ಕೂತು, ಸುತ್ತೋಲೆ ಹೊರಡಿಸಿದರು: "ಬೆಟ್ಟವನ್ನು ಸುತ್ತುವ ಸಾರ್ವಜನಿಕರು ಪೂರ್ಣಸಂಖ್ಯೆಯಲ್ಲಿ ಮಾತ್ರ ಸುತ್ತತಕ್ಕದ್ದು. ಅರ್ಧ ಸುತ್ತುಗಳನ್ನು ಈ ಮೂಲಕ ನಿಷೇಧಿಸಲಾಗಿದೆ."

ಜನ ಕಾನೂನಿಗೆ ತಲೆಬಾಗಿದರು. ಅಂದರೆ, ಸಾಹೇಬರ ಬಾಗಿಲು ಬಿಟ್ಟರಾಯಿತೆಂದು ಮರುದಿನದಿಂದ ಪುರಸಭೆಯ ಮುಂದಿನಿಂದ ಹೊರಟು ಒಂದೂವರೆ ಸುತ್ತು ಹಾಕಿದರು. ಅದೆಲ್ಲ ಬಂದು ನಿಂತದ್ದು ಗೊತ್ತಪ್ಪನವರ ಗೇಟಿನ ಮುಂದೆ. ಶನಿವಾರ ಅವರು ಕಾಂಪೌಂಡು ಹಾರಿ ಕಚೇರಿಗೆ ಹೋದರು.

ಅವರಿಗೆ ಹೆಮ್ಮೆ ಹೇಳತೀರದು. ಕಚೇರಿಯಲ್ಲಿ ಜವಾನನಿಂದ ಹಿಡಿದು ಮೇಲಧಿಕಾರಿಯವರೆಗೆ ಗಾಡಿಯ ಕಷ್ಟ ಹೇಳಿಕೊಳ್ಳುವವರೇ. ಯಾರು ಏನು ಹೇಳಿದರೂ "ಗೊತ್ತು, ಒಂದೂವರೆ" ಎಂದರೆ ಮುಗಿಯಿತು. ಹೆಂಡತಿ ಮಾತ್ರ ಮಂಗಳವಾರ ಒಮ್ಮೆ, ಗುರುವಾರ ಎರಡು ಸಲ ಬಾಯಿ ತೆರೆದು, ಆಮೇಲೆ ತೆರೆಯುವುದನ್ನೇ ಬಿಟ್ಟಳು. ಶನಿವಾರ ಸಂಜೆ ಆಕೆ ಹಳೆಯ ಕನ್ನಡಕದ ಡಬ್ಬಿಯೊಂದನ್ನು ಹುಡುಕಿ ತೆಗೆದು ಚೀಲಕ್ಕೆ ಹಾಕಿಕೊಂಡದ್ದನ್ನು ಗೊತ್ತಪ್ಪನವರು ಕಂಡರು. ಚಿಕ್ಕಂದಿನ ಕನ್ನಡಕ ಇರಬೇಕು, ಜೀಪಿನ ನೆನಪಿಗೆ, ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಪುರಸಭೆಯ ಮುಂದೆ ಊರೇ ಸೇರಿತ್ತು. ಬೆಟ್ಟದ ರಸ್ತೆ ಶುರುವಾಗುವುದು ಅಲ್ಲಿಂದಲೇ. ಆರು ದಿನ ಆರಿದ್ದ ಜೀಪಿನ ಪರದೆಗಳನ್ನು ಗೊತ್ತಪ್ಪನವರು ಗಂಭೀರವಾಗಿ ಬಿಚ್ಚಿದರು. ಪಕ್ಕದಲ್ಲಿ ಮಾವ ಕೂತರು, ಹಿಂದೆ ಹೆಂಡತಿ. ಟೈಲರ್, ಪೇದೆ, ಸಾಹೇಬರು ನಡೆದು ಹೊರಟರು. ಎಲ್ಲರ ಹಿಂದೆ ಗೂಡ್ಸ್ ಆಟೋದಲ್ಲಿ ಗುಜರಿಯವನು, ತೊಡೆಯ ಮೇಲೆ ಹಗ್ಗದ ಸುರುಳಿ ಇಟ್ಟುಕೊಂಡು.

ಮೊದಲ ತಿರುವು ದಾಟಿತು. ಜನ ಚಪ್ಪಾಳೆ ತಟ್ಟಿದರು. ಎರಡನೆಯದು ದಾಟಿತು. "ನೋಡಿದ್ರಾ ಮಾವ!" ಎಂದರು ಗೊತ್ತಪ್ಪನವರು. ಮೂರನೆಯ ತಿರುವಿನಲ್ಲಿ ರಸ್ತೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಜೀಪು ಮೂತಿ ಮೇಲೆತ್ತಿತು, ಒಮ್ಮೆ ಕೆಮ್ಮಿತು, ಪೇದೆಯ ಬಿಳಿ ಅಂಗಿಯ ಮೇಲೆ ಒಂದು ಮೊಗೆಯಷ್ಟು ಕಪ್ಪು ಹೊಗೆ ಉಗುಳಿತು, ನಿಂತಿತು. ಸುತ್ತಲೂ ಪೆಟ್ರೋಲಿನ ವಾಸನೆ. ಗೊತ್ತಪ್ಪನವರು ಹ್ಯಾಂಡ್‌ಬ್ರೇಕು ಎಳೆದರು. ಹೆಂಡತಿ ಅಷ್ಟರಲ್ಲಾಗಲೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದಳು.

ಕೀಲಿ ತಿರುಗಿಸಿದರು. ಕುಂಯ್ ಎಂದಿತು. ಇನ್ನೊಮ್ಮೆ. ಮತ್ತೆ ಬರೀ ಕುಂಯ್.

"ಅಳಿಯಂದ್ರೇ, ಈಗೇನು?" ಎಂದರು ಮಾವ.

"ಸಾರ್, ಇಲ್ಲೇ ಒಂದೂವರೆ ಸುತ್ತು ಹಾಕೋಣ್ವಾ? ನಾವೆಲ್ಲ ತಳ್ತೀವಿ" ಎಂದ ಟೈಲರ್.

"ಇಲ್ಲಿ ಸುತ್ತೋದಕ್ಕೆ ಜಾಗ ಎಲ್ಲಿದೆ? ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ" ಎಂದ ಪೇದೆ, ಮುಖದ ಮಸಿ ಒರೆಸುತ್ತ.

"ಅದೂ ಅಲ್ಲದೆ ಸುತ್ತೋಲೆ ಜಾರಿಯಲ್ಲಿದೆ" ಎಂದು ಸಾಹೇಬರು ನೆನಪಿಸಿದರು.

ಗುಜರಿಯವನು ಕರವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು, ಹಗ್ಗದ ತುದಿಯನ್ನು ಜೀಪಿನ ಹಿಂದಿನ ಕೊಂಡಿಗೆ ಸಿಕ್ಕಿಸತೊಡಗಿದ.

ಗೊತ್ತಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆ ಮತ್ತೆ ಅದೇ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಈ ಸಲ ಸೀನುವ ನೆಪವನ್ನೂ ಹೂಡಲಿಲ್ಲ. ಅವರಿಗೆ ಒಮ್ಮೆಗೇ ನಾಚಿಕೆಯಾಯಿತು. ಬೆಟ್ಟದ ಕೆಳಗೆ ಊರೆಲ್ಲ ಮುಚ್ಚಿಕೊಂಡು ನಿಂತ ಗಾಡಿಗಳು ಕಾಣುತ್ತಿದ್ದವು, ಎಲ್ಲವೂ ಅವರ ಮಾತಿಗೆ ನಿಂತವು. ಜೀಪಿನಿಂದ ಇಳಿದು ಅವಳ ಪಕ್ಕಕ್ಕೆ ಬಂದರು.

"ನಂಗೆ ಗೊತ್ತಿಲ್ಲ ಕಣೇ."

ಟೈಲರ್ ಪೇದೆಯ ತೋಳು ಹಿಡಿದುಕೊಂಡ. "ಏನಂದ್ರು?" "ಗೊತ್ತಿಲ್ಲ ಅಂದ್ರು." "ನಿಮಗೆ ಗೊತ್ತಿಲ್ವಾ, ಅವರಿಗೆ ಗೊತ್ತಿಲ್ವಾ?" "ಅವರಿಗೇ ಕಣಯ್ಯಾ!" ಮಾತು ಕೈಯಿಂದ ಕೈಗೆ ದಾಟಿದ ಹಾಗೆ ಮೂರು ತಿರುವು ಇಳಿದು ಪುರಸಭೆಯವರೆಗೆ ಹೋಯಿತು. ಅಲ್ಲಿ ಯಾರೋ ನಂಬದೆ, ಸರಿಯಾಗಿ ಕೇಳಿಕೊಂಡು ಬಾ ಎಂದು ವಾಪಸು ಕಳಿಸಿದರು.

ಹೆಂಡತಿ ಕಣ್ಣು ಒರೆಸಿಕೊಂಡು ಚೀಲದಿಂದ ಕನ್ನಡಕದ ಡಬ್ಬಿ ತೆಗೆದಳು. ಒಳಗೆ ಕನ್ನಡಕ ಇರಲಿಲ್ಲ. ಒಂದು ಸಣ್ಣ ಸ್ಕ್ರೂಡ್ರೈವರು, ಒಂದು ಮೂತಿ ಚೂಪಾದ ಇಕ್ಕಳ.

"ಇದು ಆರನೇ ಸಲ ಹೇಳೋಕೆ ಹೊರಟಿರೋದು" ಎಂದಳು. "ಕೈ ಚಾಚಿ. ಕೊಟ್ಟ ಸ್ಕ್ರೂಗಳನ್ನ ಬೀಳಿಸದೆ ಹಿಡ್ಕೊಳ್ಳಿ. ಮಾತು ಬೇಡ."

ಇಂಜಿನ್ನು ತಣ್ಣಗಾಗುವವರೆಗೆ ಕಾದು, ಬಾನೆಟ್ಟು ಎತ್ತಿ, ಕಾರ್ಬುರೇಟರಿನ ಮುಚ್ಚಳ ಬಿಚ್ಚಿದಳು. ಒಳಗೊಂದು ಪುಟ್ಟ ಬಟ್ಟಲು. ಅದರಲ್ಲಿ ತೇಲುವ ಹಿತ್ತಾಳೆಯ ಬುರುಡೆ. "ನೋಡಿ. ಈ ಬಟ್ಟಲಲ್ಲಿ ಪೆಟ್ರೋಲು ಜಾಸ್ತಿ ನಿಲ್ತಿದೆ. ಸಮ ರಸ್ತೇಲಿ ಗೊತ್ತಾಗಲ್ಲ. ಗಾಡಿ ಮೂತಿ ಎತ್ತಿದ ತಕ್ಷಣ ತುಳುಕಿ ಇಂಜಿನ್ನಿಗೆ ನುಗ್ಗುತ್ತೆ, ಉಸಿರು ಕಟ್ಟುತ್ತೆ." ತುಂಬಿದ ಕೊಡ ತುಳುಕುವುದಿಲ್ಲ ಎಂದ ಹಿರಿಯರು ಕಾರ್ಬುರೇಟರ್ ನೋಡಿರಲಿಲ್ಲ. "ಎಷ್ಟು ತುಂಬಬೇಕು ಅಂತ ತೀರ್ಮಾನ ಮಾಡೋದು ಇದು. ಈ ಬುರುಡೆಗೆ ಅಂಟಿಕೊಂಡಿರೋ ಸಣ್ಣ ತಗಡು. ಇದನ್ನ ಒಂಚೂರು ಬಗ್ಗಿಸಬೇಕು."

"ಇದಕ್ಕೇನಂತಾರೆ?" ಎಂದರು ಗೊತ್ತಪ್ಪನವರು. ಪ್ರಶ್ನೆ ಕೇಳುವುದು ಅಭ್ಯಾಸವಿಲ್ಲದೆ ಸ್ವರ ಕೀರಲಾಗಿತ್ತು.

"ನಾಲಿಗೆ."

ಅವರು ಸ್ಕ್ರೂ ಹಿಡಿದ ಕೈಯನ್ನೇ ನೋಡುತ್ತ ನಿಂತರು. ಮೇಸ್ತ್ರಿಗೆ ಫೋನು ಮಾಡಿ ಕ್ಷಮೆ ಕೇಳಬೇಕು ಎಂದು ಮನಸ್ಸಿನಲ್ಲಿ ಬರೆದುಕೊಂಡರು.

ಹೆಂಡತಿ ಇಕ್ಕಳದಿಂದ ನಾಲಿಗೆಯನ್ನು ಅಕ್ಕಿಕಾಳಿನಷ್ಟು ಬಗ್ಗಿಸಿದಳು. ಮುಚ್ಚಳ ಹಾಕಿದಳು. ಆಮೇಲೆ ಪಕ್ಕದಲ್ಲಿದ್ದ ಸಣ್ಣ ಸ್ಕ್ರೂ ಒಂದಕ್ಕೆ ಸ್ಕ್ರೂಡ್ರೈವರು ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಪೂರ್ತಿ ಮುಚ್ಚಬೇಕು. ಮೆತ್ತಗೆ. ಆಮೇಲೆ ಬಿಚ್ಚುತ್ತಾ ಬರಬೇಕು. ಒಂದು... ಇನ್ನರ್ಧ. ಒಂದೂವರೆ ಸುತ್ತು."

ಎಲ್ಲರೂ ಬಾನೆಟ್ಟಿನ ಮೇಲೆ ಬಗ್ಗಿ ಆ ಸ್ಕ್ರೂ ನೋಡಿದರು.

"ಹಾಗಾದ್ರೆ ಬೆಟ್ಟ?" ಎಂದ ಟೈಲರ್ ಕೊನೆಗೆ.

"ಬೆಟ್ಟ ಅದರ ಪಾಡಿಗೆ ಇರುತ್ತೆ" ಎಂದಳು ಆಕೆ.

ಸಾಹೇಬರು ಸುತ್ತೋಲೆ ವಾಪಸು ಪಡೆಯಲು ಯಾವ ನಮೂನೆ ಬೇಕೆಂದು ಯೋಚಿಸುತ್ತ ಬಂಡೆಯ ಮೇಲೆ ಕೂತರು. ಪೇದೆ ಮಾತ್ರ ತನ್ನ ಬೈಕು ಸರಿಹೋದದ್ದು ಸುಳ್ಳಲ್ಲ ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದ.

ಆಕೆ ಸ್ಟೇರಿಂಗಿನ ಹಿಂದೆ ಕೂತಳು. ಗೊತ್ತಪ್ಪನವರು ಸೀಟು ಬಿಟ್ಟುಕೊಟ್ಟು ಕೆಳಗೆ ನಿಂತರು. ಇಂಜಿನ್ನು ಒಂದು ಸಲ ಗೊಣಗಿ, ಹಿಡಿದುಕೊಂಡಿತು. ಗುಜರಿಯವನು ಓಡಿಬಂದು ಹಗ್ಗ ಬಿಚ್ಚಿ, ಕಲ್ಲನ್ನೂ ತಾನೇ ಸರಿಸಿದ. ಜೀಪು ಮೂತಿ ಎತ್ತಿ, ಕೆಮ್ಮದೆ, ಹೊಗೆಯಿಲ್ಲದೆ, ಗೋಡೆಯಂಥ ರಸ್ತೆಯನ್ನು ಹತ್ತಿಹೋಯಿತು. ಏರಿನಲ್ಲಿ ನಿಲ್ಲಿಸುವಂತಿಲ್ಲವಾದ್ದರಿಂದ ಗೊತ್ತಪ್ಪನವರನ್ನು ಯಾರೂ ಹತ್ತಿಸಿಕೊಳ್ಳಲಿಲ್ಲ. ಅವರು ಹಿಂದೆ ಹಿಂದೆ ಓಡಿದರು. ಏದುಸಿರು ಬಿಡುತ್ತಿದ್ದರೂ ಅವರಿಗೆ ನಗು ತಡೆಯಲಾಗಲಿಲ್ಲ.

ನೀರಿನ ಟ್ಯಾಂಕಿನ ನೆರಳಿನಲ್ಲಿ ಜೀಪು ನಿಂತಿತ್ತು. ಮಾವ ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಿದ್ದರು. ಆಕೆಯ ಮುಖ ಬೆಳಗುತ್ತಿತ್ತು. ಗೊತ್ತಪ್ಪನವರು ಹತ್ತಿರ ಬಂದು ಬಾಗಿಲಿಗೆ ಒರಗಿ, ಮುಷ್ಟಿ ಬಿಚ್ಚಿದರು. ಒಂದು ಸ್ಕ್ರೂ ಇನ್ನೂ ಅವರ ಕೈಯಲ್ಲೇ ಉಳಿದಿತ್ತು. ಆಕೆ ನಕ್ಕು ಅದನ್ನು ತೆಗೆದುಕೊಂಡಳು.

ಮಾವ ಮಂಜು ಕಣ್ಣುಗಳನ್ನು ಅಳಿಯನ ಕಡೆ ತಿರುಗಿಸಿದರು. "ಅಳಿಯಂದ್ರೇ, ಹತ್ತೋದು ದೊಡ್ಡದಲ್ಲ. ಇಳಿಯೋವಾಗ ಯಾವ ಗೇರಿನಲ್ಲಿ ಇಳೀಬೇಕು ಅಂದ್ರೆ..."

"ಗೊತ್ತ್..." ಎಂದರು ಗೊತ್ತಪ್ಪನವರು.

ಹೆಂಡತಿ ಕನ್ನಡಕದ ಡಬ್ಬಿಯಿಂದ ಇಕ್ಕಳ ತೆಗೆದಳು.

"...ಇಲ್ಲ ಮಾವ. ಹೇಳಿ."

ಮಾವ ಹೇಳಿದರು. ಗೇರಿನಿಂದ ಶುರುವಾದ ಮಾತು ಬ್ರೇಕಿಗೆ ಬಂತು, ಬ್ರೇಕಿನಿಂದ ಒಂದು ಮಳೆಗಾಲಕ್ಕೆ, ಮಳೆಗಾಲದಿಂದ ಮೂವತ್ತು ವರ್ಷದ ಎಲ್ಲ ಕಂಬಗಳಿಗೆ. ಮದುವೆಯಾದಂದಿನಿಂದ ಅಳಿಯ ಅವರ ಮಾತೊಂದನ್ನು ಕೊನೆಯವರೆಗೆ ಕೇಳಿಸಿಕೊಂಡದ್ದು ಅದೇ ಮೊದಲು. ಮುಗಿಯಲು ಸರಿಯಾಗಿ ಒಂದೂವರೆ ಗಂಟೆ ಹಿಡಿಯಿತು, ಅಳೆದವರು ಗೊತ್ತಪ್ಪನವರೇ.